ಕಾಯಿಲೆ ಒಬ್ಬರದು, ಕಷಾಯ ಇನ್ನೊಬ್ಬರಿಗೆ

ಮದುವೆಯಾಗಿ ಎರಡು ವರ್ಷ ಕಳೆದರೂ ಸೊಸೆ ಬಸುರಿಯಾಗದಿದ್ದರೆ ಬೀದಿಯ ಜನ ಸುಮ್ಮನಿರುತ್ತಾರೆಯೇ? ಉತ್ತರ ಚೀನಾದ ಶಿಲಿಯು ಪೇಟೆಯ ಬಾವಿ ಬೀದಿಯವರೂ ಸುಮ್ಮನಿರಲಿಲ್ಲ.

ಆ ಬೀದಿಯ ತುದಿಯಲ್ಲಿ ಫೆಂಗ್‌ಚಿನ್ ಎಂಬ ವಿಧವೆಯ ಎಳ್ಳುರೊಟ್ಟಿ ಅಂಗಡಿ ಇತ್ತು. ರೊಟ್ಟಿ ಸುಡುವವನು ಅವಳ ಒಬ್ಬನೇ ಮಗ ಶಿಗೆನ್. ಕಬ್ಬಿಣದ ಪೀಪಾಯಿಗೆ ಒಳಗೆಲ್ಲ ಮಣ್ಣು ಮೆತ್ತಿ ಮಾಡಿದ ಕಲ್ಲಿದ್ದಲ ಒಲೆ, ಸೊಂಟದೆತ್ತರದ್ದು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಅದಕ್ಕೆ ಒರಗಿ ನಿಂತು, ಕೈಯನ್ನು ಬಿಸಿ ಒಲೆಯೊಳಗೆ ಇಳಿಸಿ ಅದರ ಗೋಡೆಗೆ ರೊಟ್ಟಿ ಅಂಟಿಸುತ್ತಿದ್ದ. ಬಿಡುವಾದಾಗ ಒಂದು ಸಿಗರೇಟು, ಮತ್ತೆ ಒಲೆ. ಮಾತು ಕಡಿಮೆ. ಅಮ್ಮ ಹೇಳಿದ್ದಕ್ಕೆ ಹೂಂ ಅನ್ನುವುದೇ ಅವನ ಅರ್ಧ ಮಾತು.

ಅವನ ಹೆಂಡತಿ ಯುನ್‌ಷಿಯಾ ಹೊಲಿಗೆ ಬಲ್ಲವಳು. ಮುಂದಿನ ಹಲ್ಲೊಂದು ಸೊಟ್ಟಗಿದ್ದುದರಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅತ್ತೆಮನೆಗೆ ಬಂದ ಹೊಸದರಲ್ಲೇ ಹಿಟ್ಟು ನಾದುವುದನ್ನು ಕಲಿತು, ಅತ್ತೆಗಿಂತ ತೆಳ್ಳಗೆ ಲಟ್ಟಿಸುವಷ್ಟಾದಳು. ಫೆಂಗ್‌ಚಿನ್ ಅದನ್ನು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದಳು ಕೂಡ. ಆದರೆ ಅದೆಲ್ಲ ಮೊದಲ ಎರಡು ವರ್ಷ.

ಒಂದು ಬೆಳಿಗ್ಗೆ ಎದುರು ಮನೆಯ ತೋಫು ಮಾರುವ ಗುಯಿಹುವಾ ರೊಟ್ಟಿ ಕೊಳ್ಳಲು ಬಂದವಳು ಹಿಟ್ಟಿನ ಬೋಗುಣಿಗೆ ಕಣ್ಣು ಹಾಯಿಸಿ ಹೇಳಿದಳು. "ಫೆಂಗ್‌ಚಿನಕ್ಕಾ, ನಿಮ್ಮನೇಲಿ ಹಿಟ್ಟು ಎಷ್ಟು ಚೆನ್ನಾಗಿ ಉಬ್ಬುತ್ತೆ. ಸೊಸೆ ಹೊಟ್ಟೆ ಮಾತ್ರ ಯಾಕೋ ಉಬ್ಬಲ್ವಲ್ಲ."

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಫೆಂಗ್‌ಚಿನ್ ಕೂಡ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಸಿಕ್ಕಿಕೊಂಡಿತು. ಅಂಗಡಿ ಮುಚ್ಚಿದ ಮೇಲೆ ಸೊಸೆಯ ಕೈ ಹಿಡಿದು ನಾಟಿ ವೈದ್ಯ ಕಾಂಗ್ ಅವರ ಅಂಗಡಿಗೆ ಎಳೆದುಕೊಂಡೇ ಹೋದಳು.

ಕಾಂಗ್ ಮುದುಕರು. ಅವರ ಅಪ್ಪ, ಅಜ್ಜ ಎಲ್ಲರೂ ನಾಡಿ ಹಿಡಿದವರೇ. ಯುನ್‌ಷಿಯಾಳ ಎರಡೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ಕೂತರು. ನಾಲಿಗೆ ನೋಡಿದರು. ಮುಟ್ಟು ಹೇಗೆ ಬರುತ್ತದೆ, ನೋವಿದೆಯೇ, ನಿದ್ದೆ ಹೇಗೆ ಎಂದು ಒಂದೊಂದಾಗಿ ಕೇಳಿದರು.

"ಮೈಯಲ್ಲಿ ಸ್ವಲ್ಪ ಥಂಡಿ ಇದೆ, ಅಷ್ಟೇ. ಮುಟ್ಟು ಸರಿಯಾಗಿ ಬರ್ತಿದೆ. ಬೇರುನಾರು ಕಟ್ಟಿಕೊಡ್ತೀನಿ. ಮುಂದಿನ ಸಲ ಬರುವಾಗ ಗಂಡನ್ನೂ ಕರ್ಕೊಂಡ್ ಬನ್ನಿ" ಎಂದರು.

"ಅವನ್ಯಾಕೆ? ನನ್ನ ಮಗ ಎತ್ತಿನ ಹಾಗಿದ್ದಾನೆ" ಎಂದಳು ಫೆಂಗ್‌ಚಿನ್.

ಕಾಂಗ್ ಚೀಟಿ ಬರೆಯುತ್ತಲೇ ಹೇಳಿದರು. "ಎತ್ತಿಗೆ ಕರು ಹುಟ್ಟಲ್ಲಮ್ಮ. ಕರ್ಕೊಂಡ್ ಬಾ."

ಫೆಂಗ್‌ಚಿನ್‌ಳ ಮುಖ ಒಲೆಯ ಕೆಂಡದ ಹಾಗಾಯಿತು. ಪೊಟ್ಟಣ ಎತ್ತಿಕೊಂಡು ಹೊರಬಿದ್ದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಬೇರೆ ವೈದ್ಯರು ಇಲ್ಲವೇ? ಇದ್ದರು. ಒಬ್ಬರು ಗರ್ಭಕೋಶಕ್ಕೆ ಶೀತ ಎಂದರು. ಇನ್ನೊಬ್ಬರು ರಕ್ತ ಕಟ್ಟಿದೆ ಎಂದರು. ಮತ್ತೊಬ್ಬರು ಹೊಕ್ಕುಳ ಕೆಳಗೆ ಮಾಚಿಪತ್ರೆಯ ಬತ್ತಿ ಹಚ್ಚಿ ಕಾವು ಕೊಟ್ಟರು, ಕಾಲಿಗೆ ಹೊಟ್ಟೆಗೆ ಸೂಜಿ ಚುಚ್ಚಿದರು. ಫೆಂಗ್‌ಚಿನ್ ಎಲ್ಲ ಕಡೆಗೂ ಸೊಸೆಯನ್ನು ಕರೆದೊಯ್ದಳು. ಮಗನನ್ನು ಕರೆತರಲು ಹೇಳಿದ ಕಡೆಗೆ ಮಾತ್ರ ಎರಡನೇ ಸಲ ಹೋಗಲಿಲ್ಲ.

ಮನೆಯಲ್ಲಿ ದಿನಾ ಕಷಾಯ ಕುದಿಯುತ್ತಿತ್ತು. ಕುದಿಸಿದ ಚರಟವನ್ನು ಬೀದಿಗೆ ಸುರಿಯುವುದು ಅಲ್ಲಿನ ರೂಢಿ. ದಾರಿಹೋಕರು ತುಳಿದರೆ ಕಾಯಿಲೆ ಅವರ ಕಾಲಿಗಂಟಿ ಹೊರಟುಹೋಗುತ್ತದೆಂದು ನಂಬಿಕೆ. ಕಾಯಿಲೆ ಹೋಗಲಿಲ್ಲ. ಯುನ್‌ಷಿಯಾ ಬಂಜೆ ಎಂಬ ಸುದ್ದಿ ಮಾತ್ರ ಎಲ್ಲರ ಕಾಲಿಗಂಟಿಕೊಂಡು ಊರೂರಿಗೂ ಹೋಯಿತು.

ಒಮ್ಮೆ ರಾತ್ರಿಯೂಟಕ್ಕೆ ಮೂವರೂ ಕೂತಿದ್ದಾಗ ಯುನ್‌ಷಿಯಾ ಧೈರ್ಯ ಮಾಡಿದಳು. ನವಣೆ ಗಂಜಿಯ ಬಟ್ಟಲನ್ನೇ ನೋಡುತ್ತ, "ಅತ್ತೆ, ಜಿಲ್ಲಾ ಆಸ್ಪತ್ರೇಲಿ ಒಂದೇ ದಿನ ಇಬ್ಬರನ್ನೂ ನೋಡ್ತಾರಂತೆ. ನಾನು, ಇವರು ಇಬ್ರೂ ಒಂದ್ಸಲ ಹೋಗಿಬರೋಣ ಅಂತ" ಎಂದಳು.

ಫೆಂಗ್‌ಚಿನ್ ಊಟದ ಕಡ್ಡಿಗಳನ್ನು ಮೇಜಿನ ಮೇಲೆ ಇಟ್ಟಳು. "ಅಂದ್ರೆ? ದೋಷ ನನ್ನ ಮಗಂದು ಅಂತೀಯ?"

"ಹಾಗಲ್ಲ ಅತ್ತೆ, ನೋಡ್ಸೋದ್ರಲ್ಲಿ ಏನು..."

"ಗಂಡಸನ್ನ ಆಸ್ಪತ್ರೇಲಿ ನಿಲ್ಲಿಸಿ, ಬಿಚ್ಚಿಸಿ, ಊರೆಲ್ಲ ನಗೋ ಹಾಗೆ ಮಾಡ್ಬೇಕು, ಅಲ್ವಾ? ನಿನ್ನ ಹೊಟ್ಟೆ ಖಾಲಿ ಇದ್ರೆ ಔಷಧಿ ನೀನು ಕುಡಿ."

ಯುನ್‌ಷಿಯಾ ಗಂಡನ ಕಡೆ ನೋಡಿದಳು. ಶಿಗೆನ್ ಉಪ್ಪಿನಕಾಯಿ ಚೂರೊಂದನ್ನು ಬಟ್ಟಲಲ್ಲಿ ಅತ್ತಿತ್ತ ತಳ್ಳುತ್ತಿದ್ದ. ಅವನು ತಲೆ ಎತ್ತಲಿಲ್ಲ. ಅಂದು ಅವನು ಒಂದು ಮಾತು ಆಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮದುವೆಯಾದ ಏಳನೆಯ ವರ್ಷ ಪೇಟೆಗೆ ಒಬ್ಬ ಔಷಧಿ ಮಾರುವವನು ಬಂದ. ಅವನಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಮನೆತನದ ಗುಟ್ಟಿನ ಪುಡಿ, ಅದರಲ್ಲೇನಿದೆ ಎಂದು ಯಾರಿಗೂ ಹೇಳುವಂತಿಲ್ಲ ಎಂದ. ಗುಟ್ಟು ಎಂದ ಮೇಲೆ ಫೆಂಗ್‌ಚಿನ್‌ಗೆ ನಂಬಿಕೆ ಇನ್ನೂ ಗಟ್ಟಿಯಾಯಿತು. ಯುನ್‌ಷಿಯಾ ದಿನಾ ಎರಡು ಹೊತ್ತು ಬಿಸಿನೀರಲ್ಲಿ ಕಲಸಿ ಕುಡಿದಳು. ಕೆಲವೇ ವಾರಗಳಲ್ಲಿ ಊಟ ಸೇರದಾಯಿತು, ಮೈಯೆಲ್ಲ ತುರಿಕೆ. "ಮದ್ದು ಹಿಡೀತಿದೆ, ತಡ್ಕೋ" ಎಂದಳು ಫೆಂಗ್‌ಚಿನ್. ಒಂದು ಮುಂಜಾನೆ ಹಿಟ್ಟು ನಾದುತ್ತಿದ್ದವಳು ಅಲ್ಲೇ ಕುಸಿದಳು. ಶಿಗೆನ್ ಎತ್ತಿ ಕೂರಿಸಿದಾಗ ಅವಳ ಕಣ್ಣು ಅರಿಸಿನ ಬಳಿದಷ್ಟು ಹಳದಿಯಾಗಿತ್ತು.

ಆಸ್ಪತ್ರೆಯವರು ಯಕೃತ್ತು ಕೆಟ್ಟಿದೆ ಎಂದರು. ಏನು ಕುಡಿದಳು ಎಂದು ಕೇಳಿದರು. ಪುಡಿಯಲ್ಲೇನಿತ್ತು ಎಂದು ಫೆಂಗ್‌ಚಿನ್‌ಗೂ ಗೊತ್ತಿರಲಿಲ್ಲ. ಪುಡಿ ಮಾರಿದವನು ಅಷ್ಟರಲ್ಲಿ ಊರು ಬಿಟ್ಟಿದ್ದ.

ಯುನ್‌ಷಿಯಾ ಬದುಕಿದಳು. ವಾರಗಟ್ಟಲೆ ಮಲಗಿ, ಎಲುಬಿನ ಗೂಡಾಗಿ ಮನೆಗೆ ಬಂದಳು. ಬಂದವಳನ್ನು ಫೆಂಗ್‌ಚಿನ್ ಬಾಗಿಲಲ್ಲೇ ನೋಡಿ, "ಔಷಧಿಯೂ ಒಗ್ಗದ ಮೈ" ಎಂದಳು. ಆಮೇಲೆ ನಡೆದುದನ್ನು ಹೆಚ್ಚು ಹೇಳಬೇಕಾಗಿಲ್ಲ. ಮಾತು ನಿಂತಿತು. ಹಾಸಿಗೆ ಬೇರೆಯಾಯಿತು. ಅಮ್ಮ ಹೇಳಿದ ದಿನ ಶಿಗೆನ್ ಕಚೇರಿಗೆ ಹೋಗಿ ವಿಚ್ಛೇದನದ ಕಾಗದಕ್ಕೆ ಹೆಸರು ಬರೆದ.

ಯುನ್‌ಷಿಯಾಳನ್ನು ಕರೆದೊಯ್ಯಲು ಅವಳ ಅಣ್ಣ ಮೂರು ಗಾಲಿಯ ಗಾಡಿ ತಂದ. ತವರಿನಿಂದ ತಂದಿದ್ದ ಹೊಲಿಗೆ ಯಂತ್ರವನ್ನು ಅದಕ್ಕೇರಿಸಿದ. ಶಿಗೆನ್ ಒಲೆ ಬಿಟ್ಟು ಬಂದು ಬಿಸಿ ರೊಟ್ಟಿಗಳ ಚೀಲವೊಂದನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು ಗಾಡಿ ಹತ್ತಿದಳು. ಬೀದಿಯ ಹೆಂಗಸರು ಕಿಟಕಿಯಿಂದ ನೋಡಿದರು. ಯಾರೂ ಹೊರಗೆ ಬರಲಿಲ್ಲ.

ಮಗನಿಗೆ ಮತ್ತೊಂದು ಹೆಣ್ಣು ಹುಡುಕುವಾಗ ಫೆಂಗ್‌ಚಿನ್ ಬುದ್ಧಿ ಓಡಿಸಿದಳು. ಈ ಸಲ ಅವಳಿಗೆ ಹೊಸ ಹುಡುಗಿ ಬೇಡ. "ಒಂದು ಹೆತ್ತು ತೋರಿಸಿದವಳೇ ಬೇಕು" ಎಂದು ನಂಟಸ್ತಿಕೆ ತರುವವರಿಗೆ ನೇರವಾಗಿ ಹೇಳಿದಳು. ಹಾಗೆ ಸಿಕ್ಕವಳು ಹುಯಿಪಿಂಗ್. ಗಂಡನನ್ನು ಬಿಟ್ಟವಳು. ಪಕ್ಕದ ಪೇಟೆಯಲ್ಲಿ ತರಕಾರಿ ಮಾರುತ್ತಿದ್ದವಳು. ಜೊತೆಗೆ ಮಾಯ್‌ಮಾಯ್ ಎಂಬ ಶಾಲೆಗೆ ಹೋಗುವ ಮಗಳು. ಯುನ್‌ಷಿಯಾಳ ಹಾಗೆ ಹುಯಿಪಿಂಗ್‌ಗೆ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸವಿರಲಿಲ್ಲ. ನಗಬೇಕೆಂದರೆ ನಗುತ್ತಿದ್ದಳು, ಬೈಯಬೇಕೆಂದರೆ ಬೈಯುತ್ತಿದ್ದಳು.

ವರ್ಷ ಕಳೆಯಿತು. ಏನೂ ಇಲ್ಲ. ಒಂದು ಸಂಜೆ ಹುಯಿಪಿಂಗ್ ಅಡುಗೆಮನೆಗೆ ಬಂದಾಗ ಮೂಲೆಯ ಒಲೆಯ ಮೇಲೆ ಮಣ್ಣಿನ ಪಾತ್ರೆಯಲ್ಲಿ ಕಷಾಯ ಕುದಿಯುತ್ತಿತ್ತು.

"ಇದು ಯಾರಿಗೆ ಅತ್ತೆ?"

"ಇನ್ಯಾರಿಗೆ, ನಿನಗೇ. ಮೊದಲ ಹೆರಿಗೆ ಆದ ಮೇಲೆ ಬಾಣಂತನ ಸರಿಯಾಗಿ ಆಗಿಲ್ಲ ಅನ್ಸುತ್ತೆ. ಒಳಗೆ ತಣ್ಣಗಾಗಿದೆ."

"ಒಳಗೆ ಹೋಗಿ ಮುಟ್ಟಿ ನೋಡಿದ್ರಾ?"

"ನಾಲಿಗೆ ಬಿಗಿ ಹಿಡಿ."

ಹುಯಿಪಿಂಗ್ ಒಲೆ ಆರಿಸಿದಳು. ದನಿ ಏರಿಸಲಿಲ್ಲ. "ಅತ್ತೆ, ನಿಮ್ಮ ಮೊದಲ ಸೊಸೆ ಕಥೆ ಗುಯಿಹುವಾ ಹೇಳಿದ್ಲು. ಐದು ವರ್ಷ ಕುಡಿಸಿದ್ರಂತೆ. ಅವಳ ಕಣ್ಣು ಹಳದಿಯಾಯ್ತಂತೆ. ಶಿಗೆನ್ ಏನು ಕುಡಿದ? ಒಂದು ಲೋಟ ಆದ್ರೂ ಕುಡಿದ್ನಾ?"

"ಅವನಿಗೆ ಏನಾಗಿದೆ ಅಂತ ಕುಡೀಬೇಕು?"

"ನನಗೆ ಏನಾಗಿದೆ ಅಂತ ಗೊತ್ತಾ ನಿಮಗೆ? ನೋಡಿದೋರು ಯಾರು? ನನಗೂ ಏನಾದ್ರೂ ಇರಬಹುದು. ಒಂದು ಹೆತ್ತೋಳಿಗೆ ಆಮೇಲೆ ತೊಂದರೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಮಾಯ್‌ಮಾಯ್ ಹುಟ್ಟಿದಾಗ ನನಗೆ ಇಪ್ಪತ್ತೈದು, ಈಗ ಮೂವತ್ತಾರು. ನನ್ನ ವಯಸ್ಸಿನೋರು ಆರು ತಿಂಗಳು ನೋಡಿ, ಆಗದಿದ್ರೆ ತಡ ಮಾಡದೆ ಬನ್ನಿ ಅಂತಾರೆ ಡಾಕ್ಟರು. ಚಿಕ್ಕೋರಾದ್ರೆ ಒಂದು ವರ್ಷ ಕಾಯಬಹುದಂತೆ. ನೀವು ಅವಳನ್ನ ಏಳು ವರ್ಷ ಕಾಯಿಸಿದ್ರಿ."

ಬಾಗಿಲಲ್ಲಿ ನಿಂತಿದ್ದ ಶಿಗೆನ್ ಹೊರಳಿ ಹೋಗಲು ನೋಡಿದ. ಹುಯಿಪಿಂಗ್ ಬಿಡಲಿಲ್ಲ. "ನಿಲ್ಲು. ನಾಳೆ ನಾನು ಜಿಲ್ಲಾ ಆಸ್ಪತ್ರೆಗೆ ಹೋಗ್ತೀನಿ. ನೀನೂ ಬಂದ್ರೆ ಇಬ್ರೂ ತೋರಿಸ್ಕೊಂಡು ಮನೆಗೆ ಬರೋಣ. ಬರದಿದ್ರೆ ಅಲ್ಲಿಂದ ಹಾಗೇ ನಾನು, ಮಾಯ್‌ಮಾಯ್ ನಮ್ಮೂರಿಗೆ. ನನಗೆ ಇನ್ನೊಂದು ಮಗು ಬೇಕೇ ಬೇಕು ಅಂತೇನಿಲ್ಲ ಶಿಗೆನ್. ಆದ್ರೆ ಇನ್ನೊಬ್ಬರ ಕಾಯಿಲೆಗೆ ನಾನು ಮದ್ದು ಕುಡಿಯಲ್ಲ."

ಶಿಗೆನ್ ಅಮ್ಮನ ಮುಖ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. "ಎಷ್ಟು ಹೊತ್ತಿಗೆ ಬಸ್ಸು?" ಎಂದ.

ಫೆಂಗ್‌ಚಿನ್ ತಾನೂ ಹೊರಟಳು. ಡಾಕ್ಟರ ಬಾಯಿಂದಲೇ ಮಗನಲ್ಲಿ ದೋಷವಿಲ್ಲ ಎಂದು ಕೇಳಿಸಿಕೊಂಡು, ಈ ಬಾಯಿಬಡುಕಿಯ ಬಾಯಿ ಮುಚ್ಚಿಸಬೇಕೆಂಬುದು ಅವಳ ಆಸೆ.

ಆಸ್ಪತ್ರೆಯಲ್ಲಿ ಇವರನ್ನು ನೋಡಿದವರು ಶೆನ್ ಎಂಬ ನಡುವಯಸ್ಸಿನ ಡಾಕ್ಟರಮ್ಮ. ಹುಯಿಪಿಂಗ್‌ಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಪರೀಕ್ಷೆ. ಶಿಗೆನ್‌ಗೆ ವೀರ್ಯ ಪರೀಕ್ಷೆ. ಎಲ್ಲರೆದುರು ಬಿಚ್ಚಿಸುವುದು, ನಗುವುದು ಏನೂ ಇರಲಿಲ್ಲ. ಒಂದು ಡಬ್ಬಿ ಕೊಟ್ಟು ಒಂದು ಕೋಣೆ ತೋರಿಸಿದರು, ಅಷ್ಟೇ. ಮೊದಲ ಫಲಿತಾಂಶ ನೋಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿದರು. ಕೊನೆಗೆ ಶಿಗೆನ್‌ನನ್ನು ಪರದೆಯ ಹಿಂದೆ ಕರೆದು ಕೈಯಿಂದ ಮುಟ್ಟಿ ನೋಡಿದವರೂ ಗಂಡಸು ಡಾಕ್ಟರೇ.

ಎಲ್ಲ ಮುಗಿದ ಮೇಲೆ ಶೆನ್ ಮೂವರನ್ನೂ ಕೂರಿಸಿಕೊಂಡರು. ಅಮ್ಮನ ಮುಂದೆ ಹೇಳಬಹುದೇ ಎಂದು ಶಿಗೆನ್‌ನನ್ನು ಕೇಳಿದರು. ಅವನು ಹೂಂ ಎಂದ.

"ಹುಯಿಪಿಂಗ್‌ಗೆ ದೊಡ್ಡ ತೊಂದರೆ ಏನಿಲ್ಲ. ವಯಸ್ಸು ಮಾತ್ರ ಕಾಯ್ತಿಲ್ಲ. ನಿಮ್ಮಲ್ಲಿ ವೀರ್ಯಾಣು ತುಂಬ ಕಡಿಮೆ ಇದೆ. ಇರೋದರಲ್ಲೂ ಚುರುಕಾಗಿ ಓಡೋವು ಇನ್ನೂ ಕಡಿಮೆ. ಕಾಲಲ್ಲಿ ನರ ಉಬ್ಬಿಕೊಳ್ಳೋದು ನೋಡಿದ್ದೀರಲ್ಲ, ಹಾಗೆ ನಿಮ್ಮ ಬೀಜದ ಮೇಲಿನ ರಕ್ತನಾಳ ಉಬ್ಬಿದೆ. ಅದರಿಂದ ಅಲ್ಲಿ ಶಾಖ ಹೆಚ್ಚುತ್ತೆ. ವೀರ್ಯಾಣುಗೆ ಶಾಖ ಆಗಲ್ಲ. ಏನು ಕೆಲಸ ಮಾಡ್ತೀರಿ?"

"ರೊಟ್ಟಿ ಸುಡ್ತೀನಿ."

"ಒಲೆ ಎಷ್ಟು ಎತ್ತರ?"

ಶಿಗೆನ್ ಕೈಯಿಂದ ಸೊಂಟದ ಮಟ್ಟ ತೋರಿಸಿದ. "ದಿನಾ ಆ ಶಾಖವೂ ಅಲ್ಲಿಗೇ ತಾಗುತ್ತೆ" ಎಂದು ಡಾಕ್ಟರ್ ಬರೆದುಕೊಂಡರು. "ಸಿಗರೇಟು?"

"ದಿನಕ್ಕೊಂದು ಪ್ಯಾಕು."

"ಅದೂ ಸೇರ್ತು."

ಫೆಂಗ್‌ಚಿನ್ ಕುರ್ಚಿಯ ತುದಿಗೆ ಸರಿದಳು. "ಇದು ಈಗ ಬಂದಿದ್ದಾ ಡಾಕ್ಟರಮ್ಮ? ಮೊನ್ನೆ ಮೊನ್ನೆ?"

"ಇಲ್ಲ ಅಮ್ಮ. ಸಾಮಾನ್ಯವಾಗಿ ಹುಡುಗರು ದೊಡ್ಡವರಾಗೋ ವಯಸ್ಸಲ್ಲೇ ಶುರುವಾಗುತ್ತೆ. ಎಷ್ಟೋ ಜನಕ್ಕೆ ನೋವೂ ಇರಲ್ಲ, ಗೊತ್ತೂ ಆಗಲ್ಲ. ಹೊರಗಿಂದ ನೋಡಿದ್ರೆ ಗಟ್ಟಿಮುಟ್ಟಾಗೇ ಇರ್ತಾರೆ."

"ಇವನಿಗೆ ಮೊದಲು ಒಬ್ಬಳು ಹೆಂಡ್ತಿ ಇದ್ಲು."

"ಅವರಲ್ಲಿ ಏನಾದ್ರೂ ತೊಂದರೆ ಕಂಡಿತ್ತಾ?"

"ಯಾರೂ ನೋಡಿರ್ಲಿಲ್ಲ. ಐದು ವರ್ಷ ಕಷಾಯ ಕುಡಿಸಿದ್ವಿ, ಕೊನೆಗೆ ಯಾವನೋ ಮಾರಿದ ಗುಟ್ಟಿನ ಪುಡಿ."

"ಹಾಗಾದ್ರೆ ಏನಂತ ಔಷಧಿ ಕೊಟ್ರಿ?"

ಫೆಂಗ್‌ಚಿನ್ ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಹಾಗೆ, "ನಮ್ಮ ಹಿರೀಕರ ಔಷಧಿ. ಸಾವಿರಾರು ವರ್ಷದ್ದು. ಅದೂ ಸುಳ್ಳಾ?" ಎಂದಳು.

"ಅದು ಸುಳ್ಳು ಅಂತ ನಾನು ಹೇಳಲ್ಲ. ಇದೇ ಆಸ್ಪತ್ರೆಯ ಕೆಳಗಿನ ಮಹಡೀಲಿ ನಾಡಿ ನೋಡೋ ಡಾಕ್ಟರೂ ಇದ್ದಾರೆ. ಸೂಜಿ ಚಿಕಿತ್ಸೆಯಿಂದ ಕೆಲವರಿಗೆ ನೋವು ಕಡಿಮೆಯಾಗುತ್ತೆ, ನಿದ್ದೆ ಬರುತ್ತೆ, ಮನಸ್ಸು ಹಗುರಾಗುತ್ತೆ. ಬೇರುನಾರಿನ ಕಷಾಯದಿಂದ ಮುಟ್ಟು ಸರಿಹೋಯ್ತು ಅನ್ನೋರೂ ಇದ್ದಾರೆ. ಅದರಿಂದ ಖಂಡಿತ ಮಗು ಆಗುತ್ತೆ ಅನ್ನೋಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಮುಚ್ಚಿದ ಗರ್ಭನಾಳ ಕಷಾಯದಿಂದ ತೆರೆಯಲ್ಲ. ಉಬ್ಬಿದ ರಕ್ತನಾಳ ಹೆಂಡ್ತಿ ಕುಡಿದ ಔಷಧಿಯಿಂದ ಇಳಿಯಲ್ಲ." ಡಾಕ್ಟರ್ ಮುಂದುವರಿಸಿದರು. "ಹೆಸರಿಲ್ಲದ ಪುಡಿ ಇದೆಯಲ್ಲ, ಅದು ನಮ್ಮ ಹಿರೀಕರದ್ದೂ ಅಲ್ಲ, ಯಾರದ್ದೂ ಅಲ್ಲ. ಯಕೃತ್ತು ಸುಟ್ಟುಕೊಂಡು ಬಂದವರನ್ನ ಇದೇ ಮಂಚದ ಮೇಲೆ ನೋಡಿದ್ದೀನಿ."

ಹುಯಿಪಿಂಗ್ ಕೇಳಿದಳು. "ಎಲ್ಲರಿಗೂ ಹೀಗೇ ಗಂಡನ ಕಡೇದೇ ಇರುತ್ತಾ?"

"ಇಲ್ಲಮ್ಮ. ಎಷ್ಟೋ ಸಲ ಹೆಂಗಸಿನಲ್ಲೇ ಇರುತ್ತೆ. ಕೆಲವರಿಗೆ ಅಂಡ ಬಲಿಯಲ್ಲ, ಅದಕ್ಕೆ ಮಾತ್ರೆ ಇದೆ. ಕೆಲವರಿಗೆ ಥೈರಾಯ್ಡ್. ಹಳೇ ಸೋಂಕಿಗೆ ಔಷಧಿ ಮಾಡದೆ ಬಿಟ್ಟು ನಾಳ ಮುಚ್ಚಿರುತ್ತೆ. ಕ್ಷಯ ಹೊಟ್ಟೆ ಕೆಳಗೆ ಇಳಿದಿರೋದೂ ಉಂಟು. ಮುಟ್ಟಿನಲ್ಲಿ ತಡೆಯೋಕಾಗದ ನೋವಿದ್ರೆ ಗರ್ಭಕೋಶದ ಪದರ ಹೊರಗೆ ಬೆಳೆದಿದೆಯಾ ಅಂತ ನೋಡ್ಬೇಕು. ಗಂಡಸಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಸಲ ಇರುತ್ತೆ. ಇಬ್ಬರಲ್ಲೂ ಇರೋದುಂಟು. ಎಲ್ಲ ನೋಡಿದ್ರೂ ಕಾರಣ ಸಿಗದೇ ಇರೋದೂ ಉಂಟು. ಅದಕ್ಕೇ ಇಬ್ಬರೂ ಒಟ್ಟಿಗೆ ಬನ್ನಿ ಅನ್ನೋದು. ಆದ್ರೆ ಇಲ್ಲಿಗೆ ಬರೋದು ಬರೀ ಹೆಂಗಸರು, ಅದೂ ಅತ್ತೆ ಜೊತೆ."

ಹಿಂತಿರುಗುವ ಬಸ್ಸಿನಲ್ಲಿ ಮೂವರೂ ಮೂರು ಸೀಟಿನಲ್ಲಿ ಕೂತರು. ಅರ್ಧ ದಾರಿಯಲ್ಲಿ ಶಿಗೆನ್ ಎದ್ದು ಬಂದು ಅಮ್ಮನ ಪಕ್ಕ ಕೂತ. "ಅಮ್ಮ, ಅವತ್ತು ಊಟಕ್ಕೆ ಕೂತಾಗ ಯುನ್‌ಷಿಯಾ ಕೇಳಿದ್ಲು. ನಾನು ಬರ್ತೀನಿ ಅಂದಿದ್ರೆ ಸಾಕಾಗಿತ್ತು" ಎಂದ. ಅಷ್ಟು ಉದ್ದದ ಮಾತು ಅವನು ಆಡಿದ್ದನ್ನು ಫೆಂಗ್‌ಚಿನ್ ಕೇಳಿದ್ದು ವರ್ಷಗಳ ಮೇಲೆ.

ಶಿಗೆನ್‌ಗೆ ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಸಿಗರೇಟು ಬಿಟ್ಟ. ರೊಟ್ಟಿ ಸುಡಲು ಬಾಗಿಲಿರುವ, ಒರಗಿ ನಿಲ್ಲಬೇಕಿಲ್ಲದ ಹೊಸ ವಿದ್ಯುತ್ ಒಲೆ ತಂದರು. ಮುದುಕ ಕಾಂಗ್ ಅವರ ಹತ್ತಿರವೂ ಹೋದ, ಆದರೆ ಡಾಕ್ಟರ್ ಶೆನ್‌ಗೆ ಹೇಳಿ, ಅವರು ಸರಿ ಎಂದ ಮೇಲೆ. ಕಾಂಗ್ ಅವನ ನಾಡಿ ಹಿಡಿದು, "ನಿನ್ನನ್ನ ಕರ್ಕೊಂಡ್ ಬಾ ಅಂತ ನಾನು ಹೇಳಿದಾಗ ನನ್ನ ಕೂದಲು ಇನ್ನೂ ಅರ್ಧ ಕಪ್ಪಗಿತ್ತು" ಎಂದರು. ಬೈಯಲಿಲ್ಲ. ಕೊಟ್ಟ ಪೊಟ್ಟಣದ ಮೇಲೆ ಪ್ರತಿಯೊಂದು ಬೇರಿನ ಹೆಸರನ್ನೂ ಬರೆದುಕೊಟ್ಟು, "ಇದನ್ನ ಆಸ್ಪತ್ರೇಲಿ ತೋರಿಸು" ಎಂದರು.

ಕೆಲವು ತಿಂಗಳ ಮೇಲೆ ವೀರ್ಯಾಣುಗಳ ಸಂಖ್ಯೆ ಏರಿತು. ಬೇಕಾದಷ್ಟಲ್ಲ, ಆದರೂ ಏರಿತು. ಪ್ರಯೋಗಶಾಲೆಯಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಇಡುವ ಚಿಕಿತ್ಸೆಯನ್ನೂ ಒಮ್ಮೆ ಮಾಡಿಸಿದರು. ನಿಲ್ಲಲಿಲ್ಲ. ಹುಯಿಪಿಂಗ್‌ಗೆ ಆಗ ಮೂವತ್ತೆಂಟು. "ಸಾಕು" ಎಂದಳು. ಆಸ್ಪತ್ರೆಗೆ ಹೋದವರಿಗೆಲ್ಲ ಮಗುವಾಗುತ್ತದೆ ಎಂದು ಇಲ್ಲಿ ಬರೆದರೆ ಅದು ಪುಡಿ ಮಾರುವವನ ಮಾತಿನ ಹಾಗೇ ಸುಳ್ಳಾಗುತ್ತದೆ. ಡಾಕ್ಟರ್ ಶೆನ್ ಒಂದು ಮಾತು ಮಾತ್ರ ಹೇಳಿದರು. "ಹತ್ತು ವರ್ಷದ ಹಿಂದೆ ಬಂದಿದ್ರೆ ದಾರಿ ಇಷ್ಟು ಕಡಿದಾಗಿರ್ತಿರ್ಲಿಲ್ಲ."

ಹತ್ತು ವರ್ಷದ ಹಿಂದೆ ಎಂದರೆ ಯುನ್‌ಷಿಯಾ ಆ ಮನೆಯಲ್ಲಿದ್ದ ಕಾಲ.

ಫೆಂಗ್‌ಚಿನ್ ಬಹಳ ದಿನ ಹಿಂದೆಮುಂದೆ ನೋಡಿದಳು. ಕೊನೆಗೆ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿದಳು. ಯುನ್‌ಷಿಯಾ ಜಿಲ್ಲಾ ಪಟ್ಟಣದಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಳು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ಒಂದು ಯಂತ್ರ, ಎರಡು ಸ್ಟೂಲು ಹಿಡಿಸುವಷ್ಟು ಜಾಗ. ಅವಳ ಮುಖದ ಮೇಲೆ ಕಲೆಗಳು ಬಿದ್ದಿದ್ದವು. ಫೆಂಗ್‌ಚಿನ್‌ಳನ್ನು ಕಂಡು ಅವಳು ಯಂತ್ರ ನಿಲ್ಲಿಸಲಿಲ್ಲ. ಹೊಲಿಗೆ ತುದಿ ಮುಟ್ಟಿದ ಮೇಲೆ ದಾರ ಕಡಿದು ಕೇಳಿದಳು.

"ಏನು ಹೊಲಿಸಬೇಕಿತ್ತು?"

"ಏನೂ ಇಲ್ಲ. ಒಂದು ಮಾತು ಹೇಳೋಕೆ ಬಂದೆ. ಶಿಗೆನ್‌ಗೆ ಪರೀಕ್ಷೆ ಮಾಡಿಸಿದ್ವಿ. ತೊಂದರೆ ಅವಂದು. ಮೊದಲಿಂದಲೂ."

"ಗೊತ್ತು" ಎಂದಳು ಯುನ್‌ಷಿಯಾ.

"ಯಾರು ಹೇಳಿದ್ರು?"

"ನಿಮ್ಮನೆ ಬಿಟ್ಟ ವರ್ಷವೇ ನಾನು ಒಬ್ಬಳೇ ಹೋಗಿ ಎಲ್ಲ ಪರೀಕ್ಷೆ ಮಾಡಿಸ್ಕೊಂಡೆ. ಯಕೃತ್ತು ಬಿಟ್ಟು ಎಲ್ಲ ನೆಟ್ಟಗಿತ್ತು."

ಫೆಂಗ್‌ಚಿನ್ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಗೊತ್ತಿದ್ದೂ ಯಾಕೆ ಬಂದು ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ಫೆಂಗ್‌ಚಿನ್ ಇಲ್ಲವೆಂದು ತಲೆಯಾಡಿಸಿದಳು.

"ಎರಡು ಕಡೆಯಿಂದ ಗಂಡಿನೋರು ನನ್ನನ್ನ ನೋಡೋಕೆ ಬಂದಿದ್ರು" ಎಂದಳು ಯುನ್‌ಷಿಯಾ. ಇನ್ನೊಂದು ಪ್ಯಾಂಟಿನ ಅಂಚು ಬಿಚ್ಚತೊಡಗಿದ್ದಳು. "ಒಬ್ಬನಿಗಂತೂ ನಾನು ಇಷ್ಟ ಆಗಿದ್ದೆ. ಅವರಮ್ಮ ನಿಮ್ಮ ಬೀದಿಗೆ ಬಂದು ವಿಚಾರಿಸಿದ್ರಂತೆ. ನಿಮ್ಮ ಅಂಗಡೀಲೇ ರೊಟ್ಟಿ ತಗೊಂಡು, ನಿಮ್ಮನ್ನೇ ಕೇಳಿದ್ರಂತೆ. ನೀವು ಹೇಳಿದ್ದನ್ನೇ ನಂಬಿದ್ರು. ನಾನು ಆಸ್ಪತ್ರೆ ಮಾತು ಹೇಳಿದ್ದಕ್ಕೆ ನಕ್ಕು ಹೋದ್ರು. ಈಗ ನನಗೆ ನಲವತ್ತೊಂದು."

ಫೆಂಗ್‌ಚಿನ್‌ಗೆ ಆ ಹೆಂಗಸಿನ ನೆನಪೇ ಇರಲಿಲ್ಲ. ಹಾಗೆ ಎಷ್ಟು ಜನರ ಮುಂದೆ ಹೇಳಿದ್ದಳೋ. ಅವಳು ಅಳತೊಡಗಿದಳು. "ಏನು ಮಾಡಿದ್ರೆ ನಿನ್ನ ಮನಸ್ಸು ತಣ್ಣಗಾಗುತ್ತೆ, ಹೇಳು. ಕಾಲು ಹಿಡೀಲಾ?"

"ಬೇಡ. ಗಿರಾಕಿಗಳು ಬರೋ ಹೊತ್ತು." ಯುನ್‌ಷಿಯಾ ತಲೆ ಎತ್ತಿದಳು. "ಇಲ್ಲಿ ನನ್ನೊಬ್ಬಳ ಹತ್ತಿರ ಹೇಳಿದ್ರೆ ಏನು ಬಂತು? ಬಂಜೆ ಅಂತ ಎಲ್ಲಿ ನಿಂತು ಹೇಳಿದ್ರೋ ಅಲ್ಲೇ ನಿಂತು ಹೇಳಿ. ಅದೇ ಬಾಯಲ್ಲಿ. ನಾನು ಕೇಳಿಸಿಕೊಳ್ಳೋಕೆ ಬರಲ್ಲ."

ಫೆಂಗ್‌ಚಿನ್ ಊರಿಗೆ ಬಂದಳು. ಮಾರನೆಯ ದಿನ ಹೇಳಬೇಕೆಂದುಕೊಂಡಳು, ಆಗಲಿಲ್ಲ. ಅದರ ಮಾರನೆಯ ದಿನವೂ ಆಗಲಿಲ್ಲ. ಮಗನ ಮಾನ, ತನ್ನ ಮಾನ ಎರಡೂ ನಾಲಿಗೆಯ ಮೇಲೆ ಕೂತಿದ್ದವು. ಒಂದು ಬೆಳಿಗ್ಗೆ ಅಂಗಡಿ ತುಂಬ ಜನರಿದ್ದಾಗ ಗುಯಿಹುವಾ ತನ್ನ ತಮ್ಮನ ಸೊಸೆಯನ್ನು ಕರೆತಂದಳು. ಎಳೆಯ ಹುಡುಗಿ, ಕಣ್ಣು ನೆಲದ ಮೇಲೆ.

"ಫೆಂಗ್‌ಚಿನಕ್ಕಾ, ಇವಳಿಗೂ ನಿಂತಿಲ್ಲ. ಆಗ ನಿಮ್ಮ ಯುನ್‌ಷಿಯಾಗೆ ಯಾರ್ಯಾರ ಔಷಧಿ ಮಾಡ್ಸಿದ್ರಿ, ಸ್ವಲ್ಪ ಹೇಳಿ. ಅವಳು ಬಂಜೆ, ಅವಳಿಗೆ ಹಿಡೀಲಿಲ್ಲ. ಇವಳಿಗೆ ಹಿಡಿದೀತು."

ಫೆಂಗ್‌ಚಿನ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. "ಯುನ್‌ಷಿಯಾ ಬಂಜೆ ಅಲ್ಲ" ಎಂದಳು.

"ಏನಂದ್ರಿ?"

ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು. "ಯುನ್‌ಷಿಯಾ ಬಂಜೆ ಅಲ್ಲ. ಅವಳಿಗೆ ಏನೂ ಆಗಿರ್ಲಿಲ್ಲ. ದೋಷ ನನ್ನ ಮಗನಲ್ಲಿತ್ತು. ಪರೀಕ್ಷೆ ಮಾಡ್ಸಿ ಅಂದೋರನ್ನೆಲ್ಲ ನಾನು ಬೈದು ಬಂದೆ. ಚೆನ್ನಾಗಿದ್ದ ಹುಡುಗಿಗೆ ಐದು ವರ್ಷ ಔಷಧಿ ಕುಡಿಸಿ, ಯಕೃತ್ತು ಕೆಡಿಸಿ, ಮನೆಯಿಂದ ಕಳಿಸ್ದೆ. ಈ ಬೀದೀಲಿ ಯಾರ್ಯಾರ ಮುಂದೆ ಅವಳನ್ನ ಬಂಜೆ ಅಂದಿದ್ದೆನೋ ಅವರೆಲ್ಲ ಕೇಳಿಸ್ಕೊಳ್ಳಿ."

ಯಾರೂ ನಗಲಿಲ್ಲ. ಸಾಲಿನ ಕೊನೆಯಲ್ಲಿದ್ದ ಒಬ್ಬ ಗಂಡಸು ರೊಟ್ಟಿ ಕೊಳ್ಳದೆ ಹೊರಟುಹೋದ. ಹಿಟ್ಟು ನಾದುತ್ತಿದ್ದ ಶಿಗೆನ್ ಮುಂದೆ ಬಂದು ಅಮ್ಮನ ಪಕ್ಕ ನಿಂತ. ಅವನ ಕಿವಿ ಕೆಂಪಗಾಗಿತ್ತು. ಆದರೂ ನಿಂತ. ಗುಯಿಹುವಾಳ ಕಡೆ ನೋಡಿ, "ನಿಮ್ಮ ತಮ್ಮನ ಮಗನ್ನ ನನ್ನ ಹತ್ತಿರ ಕಳಿಸಿ. ಆಸ್ಪತ್ರೆಗೆ ನಾನೇ ಕರ್ಕೊಂಡ್ ಹೋಗ್ತೀನಿ. ನಾಚಿಕೆ ಆದ್ರೆ ನಾನೂ ಜೊತೆಗೆ ಕೂತಿರ್ತೀನಿ" ಎಂದ.

ಎಳೆಯ ಹುಡುಗಿ ಆಗ ತಲೆ ಎತ್ತಿ ಅವನನ್ನು ನೋಡಿದಳು.

ಹುಡುಗಿ, ಅವಳ ಗಂಡ ಇಬ್ಬರೂ ಆಸ್ಪತ್ರೆಗೆ ಹೋದರು. ಆ ಹುಡುಗಿಗೆ ಥೈರಾಯ್ಡ್ ತೊಂದರೆ ಇತ್ತು, ದಿನಕ್ಕೊಂದು ಮಾತ್ರೆ ಸಾಕೆಂದರು. ಗಂಡನದು ಸರಿಯಾಗಿತ್ತು. ಬಾವಿ ಬೀದಿಯಲ್ಲಿ ಈಗ ಹೊಸ ಮದುವೆಯ ಜೋಡಿಗೆ ವರ್ಷ ಕಳೆದರೆ, ಇಬ್ಬರೂ ಬಸ್ಸು ಹತ್ತುತ್ತಾರೆ. ಶಿಗೆನ್‌ನನ್ನು ಮಾಯ್‌ಮಾಯ್ ಅಪ್ಪ ಎಂದೇ ಕರೆಯುತ್ತಾಳೆ. ಫೆಂಗ್‌ಚಿನ್ ಕೇಳಿದವರಿಗೆಲ್ಲ ಹಳೆಯ ಕಥೆ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಆದರೆ ಯುನ್‌ಷಿಯಾ ಆ ಬೀದಿಗೆ ಬರಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕಾದ ಹಂಗೂ ಅವಳಿಗಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅತ್ತೆಯಂದಿರೇ, ನಿಮ್ಮ ಮನೆಯಲ್ಲೂ ಇಂಥ ಸೊಸೆ ಇರಬಹುದು. ಅವಳ ಕೈಗೆ ಲೋಟ ಕೊಡುವ ಮೊದಲು ಯಾವ ಕಾಯಿಲೆಗೆ ಕೊಡುತ್ತಿದ್ದೇನೆ ಎಂದು ಕೇಳಿಕೊಳ್ಳಿ. ಪರೀಕ್ಷೆ ಮೊದಲು, ಔಷಧಿ ಆಮೇಲೆ. ನಾಟಿ ವೈದ್ಯರಲ್ಲಿ ನಂಬಿಕೆಯಿದ್ದರೆ ಓದಿ ಅನುಮತಿ ಪಡೆದವರ ಹತ್ತಿರ ಹೋಗಿ, ಕೊಟ್ಟಿದ್ದೇನು ಎಂದು ಬರೆಸಿಕೊಳ್ಳಿ, ಆಸ್ಪತ್ರೆಯ ಡಾಕ್ಟರಿಂದ ಅದನ್ನು ಮುಚ್ಚಿಡಬೇಡಿ. ಹೆಸರು ಹೇಳದ ಪುಡಿಯನ್ನು ಬಾಗಿಲಿಂದಲೇ ಆಚೆ ಕಳಿಸಿ.

ಗಂಡಸರೇ, ನಿಮಗೊಂದು ಮಾತು. ಪರೀಕ್ಷೆಗೆ ಬೇಕಾಗುವುದು ಒಂದು ಬೆಳಗಿನ ಹೊತ್ತು ಮಾತ್ರ. ನಿಮ್ಮ ಗಂಡಸುತನ ಆ ಡಬ್ಬಿಯಲ್ಲಿಲ್ಲ. ಹೆಂಡತಿ ಕೇಳಿದಾಗ ತಲೆ ಎತ್ತಿ "ನಾನೂ ಬರುತ್ತೇನೆ" ಅನ್ನುವುದರಲ್ಲಿದೆ. ಮಗುವಿಗಾಗಿ ಕಾದು ವರ್ಷವಾಗಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಾಗಿದ್ದರೂ, ಇನ್ನು ಕಾಯಬೇಡಿ. ಈ ವಾರವೇ ಇಬ್ಬರೂ ಹೋಗಿ. ಒಟ್ಟಿಗೆ ಹೋಗಿ.